ಕಾಲು ಊರದ ಅಜ್ಜಿ

ಆನಿಮೇಷನ್ ಸ್ಟುಡಿಯೋ ಹುಟ್ಟಿದ್ದು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ. ಅಣ್ಣ, ತಂಗಿ, ಎರಡು ಕಂಪ್ಯೂಟರು. ಮೊದಲು ಟೂತ್‌ಪೇಸ್ಟ್ ಜಾಹೀರಾತಿಗೆ ಕುಣಿಯುವ ಹಲ್ಲು ಮಾಡಿದರು, ಆಮೇಲೆ ಔಷಧ ಕಂಪನಿಗಳಿಗೆ ಕರುಳು, ಕೊನೆಗೆ ಹಟಕ್ಕೆ ಬಿದ್ದು ಒಂದು ಪೂರ್ತಿ ಸಿನಿಮಾ. ಅದು ಓಡಿತು. ಎರಡನೆಯದು ಅರ್ಧದಲ್ಲೇ ಏದುಸಿರು ಬಿಡುತ್ತಿದ್ದಾಗ ದೊಡ್ಡ ಕಂಪನಿಯೊಂದು ಸ್ಟುಡಿಯೋ ಕೊಳ್ಳಲು ಬಂತು.

ಮಾರುವುದಕ್ಕೆ ತಂಗಿಯ ತಕರಾರಿರಲಿಲ್ಲ. ಅವಳ ಪಟ್ಟು ಒಂದೇ: ಬೆಳಗಿನ ಕೋರ್ಟು ನಿಲ್ಲಬಾರದು. ದಿನಾ ಅರೆಬೆಂದ ದೃಶ್ಯಗಳನ್ನು ಎಲ್ಲರೆದುರು ಪರದೆಗೆ ಹಾಕುವುದಕ್ಕೆ ಅವರಿಟ್ಟ ಹೆಸರು ಅದು. ಮಾಡಿದವರು ಆರೋಪಿ, ಬಾಯಿ ಬಿಡುವಂತಿಲ್ಲ. ಉಳಿದವರು ಮುಲಾಜಿಲ್ಲದೆ ಜಾಲಾಡಬೇಕು.

ಕಂಪನಿಯ ಅಧಿಕಾರಿ ನೋಡಲು ಬಂದ ದಿನ ಅಣ್ಣ ಮೆಟ್ಟಿಲ ಮೇಲೇ ಅವಳನ್ನು ತಡೆದ.

“ನಿನ್ನ ದಮ್ಮಯ್ಯ, ಇವತ್ತೊಂದಿನ ಮುಗಿದಿರೋದನ್ನ ತೋರ್ಸು.”

“ಮುಗಿದಿರೋದನ್ನ ಥಿಯೇಟರಲ್ಲಿ ನೋಡ್ತಾರೆ ಬಿಡಣ್ಣ. ಅದಕ್ಕೆ ಇಲ್ಲಿಗ್ಯಾಕೆ ಬರ್ಬೇಕು?”

ಅವಳು ಹಾಕಿಸಿದ್ದು ತನ್ನದೇ ದೃಶ್ಯ, ಅದರಲ್ಲೂ ತೀರಾ ಕೆಟ್ಟದ್ದು. ಅಜ್ಜಿಯೊಬ್ಬಳು ನೀರು ತುಂಬಿದ ಬಕೆಟ್ಟು ಹಿಡಿದು ಮಹಡಿ ಹತ್ತುತ್ತಾಳೆ. ಕೂದಲಿಲ್ಲ, ಬಣ್ಣವಿಲ್ಲ, ಬರೀ ಬೂದು ಗೊಂಬೆ.

ಬೆಳಕಿನ ವಿಭಾಗದ ಬೋಳಪ್ಪ, “ಚೆನ್ನಾಗಿದೆ ಅಕ್ಕ,” ಎಂದ. ಪಕ್ಕದವಳು, “ತುಂಬಾ ಸಹಜವಾಗಿದೆ,” ಎಂದಳು. ಹೊರಗಿನವರ ಎದುರು ಅಕ್ಕನ ಮಾನ ಕಾಯುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯಿತು. ಹೀಗಾದರೆ ಕೋರ್ಟನ್ನು ಕಂಪನಿ ಮುಚ್ಚಬೇಕಾಗಿಲ್ಲ, ಇವರೇ ಮುಚ್ಚುತ್ತಾರೆ. ಆದರೆ ಆರೋಪಿ ಮಾತಾಡುವಂತಿಲ್ಲ. ಇನ್ನೊಮ್ಮೆ ಹಾಕುವಂತೆ ಕೈಸನ್ನೆ ಮಾಡಿದಳು. ಮತ್ತೆ ಇನ್ನೊಮ್ಮೆ.

ಅಣ್ಣನಿಗೆ ತಡೆಯಲಾಗಲಿಲ್ಲ. “ಏನ್ ಸಹಜ? ಕಾಲೇ ಊರಿಲ್ಲ, ಗಾಳೀಲಿ ತೇಲ್ತಿದಾಳೆ. ತುಂಬಿದ ಬಕೆಟ್ ಹಿಡ್ದೋರ ಭುಜ ಹಾಗಿರುತ್ತೇನ್ರೋ?”

ಕಟ್ಟೆ ಒಡೆಯಿತು. ಸೊಂಟ ಬಾಗಿಲ್ಲ, ಕತ್ತು ಕಂಬದ ಥರ ಇದೆ. ಬೋಳಪ್ಪನಂತೂ, “ಅಜ್ಜಿ ಬಕೆಟ್ ಎತ್ತಿಲ್ಲ, ಬಕೆಟ್ಟೇ ಅಜ್ಜೀನ ಎತ್ಕೊಂಡ್ ಹೋಗ್ತಿದೆ,” ಅಂದುಬಿಟ್ಟ. ತಂಗಿ ತುಟಿ ಕಚ್ಚಿಕೊಂಡು ಎಲ್ಲವನ್ನೂ ಕೇಳಿದಳು.

ಅಧಿಕಾರಿ ವಾಚು ನೋಡಿಕೊಂಡರು. “ನಮ್ಮಲ್ಲಿ ತಪ್ಪು ಹೇಳೋಕೆ ಮ್ಯಾನೇಜರ್ ಇರ್ತಾರೆ. ಒಪ್ಪಂದ ಆದ್ಮೇಲೆ ಇದನ್ನ ನಿಲ್ಲಿಸ್ಬೇಕಾಗುತ್ತೆ.”

ಅಣ್ಣ ಪರದೆಯಿಂದ ಕಣ್ಣು ಕೀಳಲಿಲ್ಲ. “ಇದು ನಿಂತ್ರೆ ನೀವು ಕೊಳ್ಳೋದು ಬರೀ ಕುರ್ಚಿ ಮೇಜು ಸಾರ್. ನಿಲ್ಲೋದಿಲ್ಲ ಅಂತ ಒಪ್ಪಂದದಲ್ಲಿ ಹಾಕಿ. ಇಲ್ಲಾಂದ್ರೆ ಮಾರೋದಿಲ್ಲ.”

“ಕೇಳಿ ಹೇಳ್ತೀನಿ,” ಎಂದು ಅವರು ಫೋನು ಹಿಡಿದು ಹೊರಗೆ ಹೋದರು.

“ಆಗಲ್ಲ ಅಂದ್ರೆ?” ಬೋಳಪ್ಪ ಕೇಳಿದ.

“ಬೇರೆಯವರನ್ನ ಹುಡುಕೋಣ,” ಎಂದ ಅಣ್ಣ.

ತಂಗಿಯ ಸರದಿ ಮುಗಿದಿತ್ತು. ಅವಳು ಈಗ ಬಾಯಿ ಬಿಡಬಹುದಿತ್ತು.

“ಮುಂದಿನ ದೃಶ್ಯ ಯಾರ್ದು?”

ಬೋಳಪ್ಪ ತಲೆ ಸವರಿಕೊಳ್ಳುತ್ತಾ ಕೈ ಎತ್ತಿದ.