ತುಟಿಮಾತು

ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಹಾಡಿನ ಅಬ್ಬರ ಬಸ್ಸಿನೊಳಗೂ ನುಗ್ಗುತ್ತಿದೆ, ಚಾಲಕ ಹಾರ್ನು ಒತ್ತೇ ಒತ್ತುತ್ತಿದ್ದಾನೆ — ಇವತ್ತು ಕಂಡದ್ದನ್ನು ಹೇಳಲು ಬಾಯಿ ತೆರೆಯುವುದೇ ತಪ್ಪೇನೋ, ಗಂಡ ಬಿಟ್ಟುಹೋದವಳ ಮಾತು ಯಾರಿಗೆ ಬೇಕು, ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು, ಎಂದು ಮಧುಮತಿ ಮನಸ್ಸಿನಲ್ಲೇ ಬೇಡಿಕೊಂಡಳು, ಯಾರನ್ನು ಬೇಡಿಕೊಂಡಳೋ ಅವಳಿಗೇ ತಿಳಿಯದು, ಗಂಡ ಬಿಟ್ಟುಹೋದವಳು ಎಂದು ತಾನೇ ಅಂದುಕೊಂಡದ್ದೂ ಇದೇ ಮೊದಲು, ಇಷ್ಟು ದಿನ ಕೇಳಿದವರಿಗೆಲ್ಲ ಸಮೀರವಾಡಿ ಸಕ್ಕರಿ ಕಾರ್ಖಾನಿಗೆ ದುಡಿಯಾಕ ಹೋಗ್ಯಾರ ಅನ್ನುತ್ತಿದ್ದಳು, ಕಬ್ಬಿನ ಹಂಗಾಮು ಮುಗಿದ ಕೂಡಲೆ ಬರ್ತೇನಿ ಅಂದಿದ್ದ ಪರಮಾನಂದ, ಆ ಹಂಗಾಮು ಮುಗಿದು ಮತ್ತೊಂದು ಬಂತು, ಸೋಮವಾರ ಹಿರೇರನ್ನ ಕೂಡಸ್ತೇನಿ, ಸೋಡಚೀಟಿ ತಗೊಂಡು, ಗಂಡನ ಋಣಾ ಹರಕೊಂಡು ಹಗೂರಾಗವಾ ತಂಗಿ, ಎಷ್ಟಂತ ಕಾಯ್ತಿ, ಅಂದ ಅಣ್ಣ ವೀರೇಶನಿಗೆ ಬ್ಯಾಡಣ್ಣಾ, ಬರ್ತಾರ, ಅವ್ರ ಮನಸು ನನಗ ಗೊತ್ತೈತಿ ಅಂದಿದ್ದಳು, ನಿನ್ನೆಯಷ್ಟೇ ಅಂದಿದ್ದಳು.

ಸಂಜೆ ಮೈದಾನದಲ್ಲಿ ನಡೆದ ಆ ಹಾಡು-ಕುಣಿತದ ಆಟಕ್ಕೆ ಹೋಗುವವರೇ ಅಲ್ಲ ಅವಳೂ ಸತ್ಯವ್ವನೂ. ಜಮಖಂಡಿಗೆ ಬಂದದ್ದು ಕೂಸು ನೋಡಲು, ಮಧುಮತಿಯ ಜೊತೆ ಒಂದೇ ಮಗ್ಗದ ಶೆಡ್ಡಿನಲ್ಲಿ ದುಡಿಯುವ ಸತ್ಯವ್ವನ ಸೊಸೆ ತವರಿನಲ್ಲಿ ಹಡೆದಿದ್ದಳು, ತಿರುಗಿ ಹೊರಟರೆ ಬನಹಟ್ಟಿ ಬಸ್ಸಿನ ಸುಳಿವಿಲ್ಲ, ಪಕ್ಕದ ಮೈದಾನದಲ್ಲಿ ಧಡಧಡ ಸಪ್ಪಳ, ಬಾ ಬೇ, ಸೊಳ್ಳಿಗೆ ರಕ್ತಾ ಕೊಡೂದ ಐತಿ, ಅಲ್ಲೇ ನಿಂತು ಕೊಡೂಣು, ಎಂದು ಸತ್ಯವ್ವ ಕೈ ಹಿಡಿದು ಎಳೆದಳು. ಹುಬ್ಬಳ್ಳಿ ಕಡೆಯ ರಾಕ್ ಹುಡುಗರಂತೆ, ವೇದಿಕೆಯನ್ನೇ ನೇಕಾರರ ಶೆಡ್ಡು ಮಾಡಿದ್ದರು, ಮೇಲಿಂದ ಕೆಳಗೆ ಬಣ್ಣದ ನೂಲು, ಗಿಟಾರಿನವನು ಲುಂಗಿ ಬನಿಯನ್ನಿನಲ್ಲಿ, ಡ್ರಮ್ಮಿನವನು ಪವರ್‌ಲೂಮಿನಂತೆ ಖಟಪಟ ಖಟಪಟ — ಅಯ್ಯ ನಮ್ಮವ್ವ, ಮುಂಜಾನಿಂದ ಸಂಜಿತನಾ ಇದ ಸಪ್ಪಳಾ ಕೇಳಿ ಕಿವಿ ಹೋಗ್ಯಾವು, ಇಲ್ಲಿ ಮಂದಿ ಕುಣ್ಯಾಕತ್ತೈತಿ, ನಮ್ಮ ಮಾಲಕಗ ಹೇಳು ಲೂಮಿಗೆ ಬಣ್ಣದ ಲೈಟ್ ಹಚ್ಚಂತ, ಅಂದಳು ಸತ್ಯವ್ವ — ಮಧುಮತಿ ನಕ್ಕಳು, ಹೊಟ್ಟೆ ಹಿಡಿದು ನಕ್ಕಳು, ಹಾಗೆ ನಕ್ಕು ಎಷ್ಟು ಕಾಲವಾಗಿತ್ತು, ನಗಬಾರದಿತ್ತೋ ಏನೋ.

ಆ ಸಪ್ಪಳವೇ ಮೋಸ ಮಾಡಿತು. ಮಗ್ಗ ಓಡುವಾಗ ಕೂಗಿದರೂ ಕೇಳುವುದಿಲ್ಲ, ಶೆಡ್ಡಿನವರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಾರೆ, ಆದರೆ ಮದುವೆಯಾದ ಹೊಸತರಲ್ಲಿ ಮನೆತುಂಬ ಮಂದಿ, ಒಂದು ಮಾತಿಗೂ ಮರೆಯಿಲ್ಲ, ಎದುರುಬದುರು ಮಗ್ಗದಲ್ಲಿ ನಿಂತು ಆ ಗದ್ದಲದಲ್ಲೇ ಅವರ ಸಂಸಾರ ನಡೆದದ್ದು, ನಡುವೆ ಅತ್ತೆ ನೂಲು ಸುತ್ತಿದ ಕಂಡಿಕೆಯ ಬುಟ್ಟಿ ಹೊತ್ತು ಹಾದುಹೋಗುತ್ತಿದ್ದರೂ ಪರಮಾನಂದ ಗದ್ದ ತುಸು ಮೇಲೆತ್ತಿ ತುಟಿ ಅಲ್ಲಾಡಿಸುತ್ತಿದ್ದ, ಚಾ ಕುಡಿತೀ, ಇವಳು ಹೂಂ, ನಿನ್ನಿ ಯಾಕ ಅತ್ತಿ, ಇಲ್ಲ ಬಿಡ್ರಿ, ನಾಳಿ ರಬಕವಿಗೆ ಹೋಗೂಣು, ಹೂಂ — ಮೈದಾನದಲ್ಲಿ ಡ್ರಮ್ಮು ಖಟಪಟ ಎನ್ನುತ್ತಿತ್ತು, ಕೆಂಪು ಬೆಳಕು ಚಹಾದ ಗಾಡಿಯ ಮೇಲೆ ಬಿತ್ತು, ಅಲ್ಲಿ ಅವನು, ಪರಮಾನಂದನೇ, ಸ್ವಲ್ಪ ಮೈ ತುಂಬಿಕೊಂಡಿದ್ದಾನೆ, ಇತ್ತಲೇ ನೋಡುತ್ತಿದ್ದಾನೆ, ಗದ್ದ ಮೇಲೆತ್ತಿದ, ಚಾ ಕುಡಿತೀ. ಎಲ್ಲಿದ್ದಿ, ಯಾಕೆ ಬರಲಿಲ್ಲ, ಏನೂ ಕೇಳಲಿಲ್ಲ ಇವಳು, ಇವಳ ತುಟಿ ತಾನಾಗಿಯೇ ಹೂಂ ಎಂದಿತು, ಒಂದು ಹೆಜ್ಜೆ ಮುಂದೆಯೂ ಇಟ್ಟಳು.

ಆಗ ಕಂಡಳು, ತನಗೂ ಅವನಿಗೂ ನಡುವೆ, ತುಸು ಮುಂದೆ, ಅಡ್ಡಮುಖವಾಗಿ ನಿಂತಿದ್ದ ಹಸಿರು ಚೂಡಿದಾರದವಳು, ಅವಳೂ ಸದ್ದಿಲ್ಲದೆ ತುಟಿ ಅಲ್ಲಾಡಿಸಿದಳು, ಸಕ್ಕರಿ ಕಡಿಮಿ, ಅವನು ನಕ್ಕ, ನೀ ಇಲ್ಲೇ ಬಾ, ಬಿಸಿ ಐತಿ, ಅವಳು ಹೋದಳು, ಅವನ ತೋಳು ಹಿಡಿದು ನಿಂತಳು. ಬನಹಟ್ಟಿಯ ಯಾವ ಶೆಡ್ಡಿನಲ್ಲೂ ಕಾಣದ ಮುಖ, ಸಮೀರವಾಡಿ ಕಡೆಯವಳಿರಬೇಕು, ಕಾರ್ಖಾನೆಯ ಕಡೆ ಮಗ್ಗ ಎಲ್ಲಿ, ಅಂದರೆ ಈ ತುಟಿಮಾತು ಇವನೇ ಕಲಿಸಿದ್ದಾನೆ, ಎದುರು ಕೂತು, ಒಂದೊಂದೇ ಮಾತು, ತಪ್ಪಿದರೆ ನಕ್ಕು ಮತ್ತೆ ಹೇಳಿಕೊಟ್ಟು — ಇನ್ನೊಬ್ಬಳನ್ನು ಕಟ್ಟಿಕೊಂಡದ್ದನ್ನು ಹೇಗೋ ನುಂಗಿಯೇನು, ಇದನ್ನು ಹೇಗೆ ನುಂಗಲಿ, ಇದು ನನ್ನದಾಗಿತ್ತು.

ಯಾಕ ಬೇ ಹುಡುಗಿ, ಮಾರಿ ಹಿಂಗ್ಯಾಕಾತು, ಬಸ್ ಬಂದೈತಿ ನಡಿ, ಅಂದಿದ್ದಳು ಸತ್ಯವ್ವ, ಧೂಳು ಯಕ್ಕಾ, ಧೂಳು ಹೊಕ್ಕಿತು ಕಣ್ಣಾಗ, ಅಂದಿದ್ದಳು ಇವಳು, ಈಗ ಸತ್ಯವ್ವ ಬಸ್ಸಿನಲ್ಲಿ ಪಕ್ಕದಲ್ಲೇ ತೂಕಡಿಸುತ್ತಿದ್ದಾಳೆ. ವೀರೇಶಣ್ಣನಿಗೆ ಹೇಳಬೇಕು, ಸೋಮವಾರ ಹಿರೇರನ್ನ ಕೂಡಸಪಾ ಅಣ್ಣಾ, ನಾ ಬರ್ತೇನಿ, ಅಷ್ಟೇ ಹೇಳಬೇಕು, ನೋಡಿದ್ದನ್ನು ಹೇಳಬಾರದು, ಹಿರಿಯರ ಮುಂದೆ ಅವನೂ ಬಂದು ಕೂರುತ್ತಾನೆ, ಆಗ ಅವನ ಮುಖ ಹೇಗೆ ನೋಡಲಿ, ನನ್ನ ಹೂಂ ಅವನು ನೋಡಿದನೇ, ನೋಡಿಯೇ ನಕ್ಕನೇ, ಅವಳಿಗೆ ನಕ್ಕದ್ದೇ, ಬೆಳಕು ಅವನ ಮೇಲಿತ್ತು, ನನ್ನ ಮೇಲೆ ಇತ್ತೇ, ಇರಲಿಲ್ಲವೇ, ನೋಡಿರಲಿಕ್ಕಿಲ್ಲ, ನೋಡಿದ್ದರೆ — ಗೊತ್ತಿಲ್ಲ, ಅದೊಂದು ಗೊತ್ತಿಲ್ಲ, ಕೆಂಪು ಬೆಳಕು, ಮೇಲೆತ್ತಿದ ಗದ್ದ, ಚಾ ಕುಡಿತೀ, ಮೇಲೆತ್ತಿದ ಗದ್ದ