ಚೀಲ ಬಿಟ್ಟು ಐದು ಕ್ವಿಂಟಾಲ್

ಇದು ನಡೆದದ್ದೇ. ನಮ್ಮ ಕೆಂಪಿ ಹಸುವಿನ ಬಾಲ ಹಿಡಿದು ಬೇಕಾದರೂ ಆಣೆ ಮಾಡುತ್ತೇನೆ. ಸುಳ್ಳು ಹೇಳುವವನು ಬಾಲ ಹಿಡಿದರೆ ಕೆಂಪಿ ಒದೆಯದೆ ಬಿಡುವುದಿಲ್ಲ. ನನ್ನ ಹಲ್ಲು ನೋಡಿ, ಎಲ್ಲ ನೆಟ್ಟಗಿವೆ. ಮುಂದಿನದು ಒಂದು ಇಲ್ಲ, ನಿಜ. ಅದರ ಕತೆ ಆಮೇಲೆ.

ನಾನು ಚೌಡಪ್ಪ. ಅಜ್ಜಂಪುರದ ಪಕ್ಕದ ಹಳ್ಳಿಯವನು, ಮೂರು ಚಕ್ರದ ಲಗೇಜ್ ಆಟೋ ಓಡಿಸುತ್ತೇನೆ. ಈರುಳ್ಳಿ ಕಾಲದಲ್ಲಿ ಈರುಳ್ಳಿ ಮೂಟೆ, ಮದುವೆ ಕಾಲದಲ್ಲಿ ಪಾತ್ರೆ, ಉಳಿದ ಕಾಲದಲ್ಲಿ ನನ್ನ ಹೆಂಡತಿ ಹುಲಿಯಮ್ಮ. ಅವಳು ಹಿಂದೆ ಹತ್ತಿ ಕೂತಳೆಂದರೆ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತಿತ್ತು. ಒಮ್ಮೆ ಹಾಗೆಯೇ ತರೀಕೆರೆಯವರೆಗೂ ಹೋಗಿದ್ದೇನೆ, ದಾರಿಯುದ್ದಕ್ಕೂ ಮೋಡ ನೋಡಿಕೊಂಡು.

ಅವಳ ಮೈಯನ್ನು ಆಡಿಕೊಳ್ಳದವರೇ ಇರಲಿಲ್ಲ. ಬಸ್ಸಿನ ಕಂಡಕ್ಟರ್ ಎರಡು ಟಿಕೆಟ್ ಹರಿಯುತ್ತಿದ್ದ. ಮದುವೆ ಮನೆಗೆ ಹೋದರೆ ಪ್ಲಾಸ್ಟಿಕ್ ಕುರ್ಚಿಯನ್ನು ಒಂದರ ಮೇಲೊಂದು ಇಟ್ಟು ಕೊಡುತ್ತಿದ್ದರು. ಅವಳೂ ನಗುತ್ತಿದ್ದಳು. ಮನೆಗೆ ಬಂದಮೇಲೆ ನಗುತ್ತಿರಲಿಲ್ಲ.

ಅವಳ ಮೈಗೆ ಮರ್ಯಾದೆ ಸಿಗುತ್ತಿದ್ದುದು ಒಂದೇ ಜಾಗದಲ್ಲಿ, ಹಗ್ಗದ ತುದಿಯಲ್ಲಿ. ನಮ್ಮೂರ ಹೆಂಗಸರ ಸಂಘಕ್ಕೆ ಹಗ್ಗಜಗ್ಗಾಟದ ತಂಡ ಇದೆ. ಎಂಟು ಜನ. ಕಟ್ಟಕಡೆಯಲ್ಲಿ ಹಗ್ಗವನ್ನು ಮೈಗೆ ಸುತ್ತಿಕೊಂಡು ನಿಲ್ಲುವವಳು ಹುಲಿಯಮ್ಮ. ಅವಳು ಹಿಮ್ಮಡಿ ಊರಿದರೆ ಅಲ್ಲಿ ಆಮೇಲೆ ತೆಂಗಿನ ಸಸಿ ನೆಡಬಹುದಿತ್ತು, ಗುಂಡಿ ತೋಡುವ ಕೆಲಸವೇ ಇಲ್ಲ. ಜನ ಎದ್ದು ನಿಂತು "ಹುಲಿಯಕ್ಕಾ! ಹುಲಿಯಕ್ಕಾ!" ಎಂದು ಕೂಗುತ್ತಿದ್ದರು.

ಹೋದ ವರ್ಷದ ಹಿಂದಿನ ರಾಜ್ಯೋತ್ಸವಕ್ಕೆ ಕಡೂರಿನಲ್ಲಿ ಪಂದ್ಯ. ಹೋದರೆ ಹೊಸ ಕಾನೂನು ಬಂದಿತ್ತು. ಎಂಟೂ ಜನ ಸೇರಿ ಐದು ಕ್ವಿಂಟಾಲ್ ಮೀರಬಾರದಂತೆ. ನಮ್ಮವರು ಎಂಟೂ ಜನ ತೂಕದ ಹಲಗೆ ಹತ್ತಿದರು. ಐದು ಕ್ವಿಂಟಾಲಿನ ಮೇಲೆ ನಲವತ್ತು ಕೆಜಿ. ಮೈದಾನದೊಳಕ್ಕೂ ಬಿಡದೆ ವಾಪಸ್ ಕಳಿಸಿದರು. ತರೀಕೆರೆ ತಂಡದವರು ಗೇಟಿನಲ್ಲಿ ನಿಂತು, "ಮುಂದಿನ್ ಸಲ ಲಾರಿ ತೂಕದ ಕಡೆ ಹೋಗ್ರವ್ವಾ," ಎಂದು ನಕ್ಕರು.

ಊರಿಗೆ ಬಂದಮೇಲೆ ತಂಡಕ್ಕೆ ಆಟ ಕಲಿಸುವ ಹೊನ್ನೇಶ್ ಮೇಷ್ಟ್ರು ಲೆಕ್ಕ ಹಾಕಿದರು. "ನೋಡ್ರಮ್ಮಾ, ಬೇಜಾರ್ ಮಾಡ್ಕಬೇಡಿ. ಹುಲಿಯಮ್ಮನ್ನ ಬಿಟ್ಟು ನಮ್ ಪ್ರಜ್ಞಾನ್ನ ಹಾಕ್ಕಂಡ್ರೆ ಒಂದೇ ಏಟಿಗೆ ಸರಿಹೋಯ್ತದೆ."

ಪ್ರಜ್ಞಾ ಕಾಲೇಜು ಹುಡುಗಿ. ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳುವವಳು. ಅವಳೇ ಮೊದಲು ಬಾಯಿ ಬಿಟ್ಟಳು. "ನಾನ್ ತುದೀಲಿ ನಿಂತ್ರೆ ಹಗ್ಗದ ಜೊತೆ ನನ್ನೂ ಎಳ್ಕಂಡ್ ಹೋಯ್ತಾರೆ ಸಾರ್. ವಾಪಸ್ ಮನೆ ಹುಡುಕ್ಕಂಡ್ ಬರಕಾಗಲ್ಲ ನನ್ ಕೈಲಿ."

ಹುಲಿಯಮ್ಮ ತಲೆ ಎತ್ತಲಿಲ್ಲ. "ನಾನ್ ಬಿಡ್ತೀನಿ ಬುಡಿ," ಎಂದಳು.

ಆಗ ಎದ್ದವಳು ಪಾಪಮ್ಮ. ಪಾಪಮ್ಮ ಬಸ್ ಸ್ಟಾಂಡಿನಲ್ಲಿ ಬೋಂಡಾ ಕರಿಯುತ್ತಾಳೆ, ನಾಲಿಗೆಯೂ ಎಣ್ಣೆಯಷ್ಟೇ ಬಿಸಿ. "ಏನಕ್ಕಾ, ನೀನೊಬ್ಳೇ ದಪ್ಪಾನಾ? ನನ್ ನೋಡು, ಹಂಡೆಗೆ ಕಾಲು ಬಂದಂಗಿವ್ನಿ. ನಲವತ್ ಕೆಜಿ ತಾನೆ? ಎಂಟ್ ಜನ ಹಂಚ್ಕಂಡ್ರೆ ತಲೆಗೆ ಐದು. ಒಬ್ಳನ್ನ ಕಳೆಯೋದಕ್ಕಿಂತ ಎಲ್ಲಾರೂ ಐದೈದ್ ಕೆಜಿ ಕಳೆಯೋದು ವಾಸಿ ಅಲ್ವಾ?"

ಎಲ್ಲರೂ ಹೌದು ಹೌದು ಎಂದರು. ಹೇಗೆ ಕಳೆಯುವುದು ಎಂದು ಮಾತ್ರ ಯಾರಿಗೂ ತಿಳಿಯದು. ಯುಗಾದಿಯವರೆಗೂ ಹಾಗೇ ಕಳೆದು, ಹಬ್ಬದ ಹೋಳಿಗೆ ತಿಂದು ಮುಗಿಸಿದಮೇಲೆ ಆರೋಗ್ಯ ಕೇಂದ್ರದ ಕೋಮಲಾ ಮೇಡಂ ಹತ್ತಿರ ಹೋದರು.

ಕೋಮಲಾ ಮೇಡಂ ನಮ್ಮ ಮನೆಗೇ ಬಂದು ಅಡುಗೆಮನೆ ನೋಡಿದರು. ಹುಲಿಯಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಮ್ಮ ಕಡೆ ಅದೇ ಪದ್ಧತಿ. ಮುದ್ದೆ ಬೆಣ್ಣೆಯ ಹಾಗೆ ನುಣ್ಣಗಿರಬೇಕು, ನೆಂಟರು ಬೆರಳು ಇಟ್ಟರೆ ಜಾರಬೇಕು. ಜರಡಿಯಲ್ಲಿ ಉಳಿದ ಹೊಟ್ಟು ಹಸುವಿಗೆ.

"ಇದೇನಮ್ಮಾ ಮಾಡ್ತಿದ್ದೀರಾ?" ಎಂದರು ಮೇಡಂ.

"ಹೊಟ್ಟು ತೆಗೀತಾ ಇವ್ನಿ."

"ಆ ಹೊಟ್ಟಲ್ಲೇ ಇರೋದು ನಾರಿನಂಶ. ಅದಿದ್ರೆ ಸ್ವಲ್ಪ ತಿಂದ್ರೂ ಹೊಟ್ಟೆ ತುಂಬುತ್ತೆ, ಬೇಗ ಹಸಿಯಲ್ಲ, ಹೊಟ್ಟೇನೂ ಸಲೀಸಾಗಿ ಖಾಲಿಯಾಗುತ್ತೆ. ಒಳ್ಳೇದನ್ನೆಲ್ಲ ಹಸುಗೆ ಹಾಕಿ ನೀವು ಬರೀ ನುಣ್ಣಗಿರೋದನ್ನ ತಿಂತಿದ್ದೀರಲ್ಲ!"

ನಾನು ಹೊರಗೆ ಬಂದು ಕೆಂಪಿಯನ್ನು ನೋಡಿದೆ. ದೇವರಾಣೆ, ಅವತ್ತೇ ನನಗೆ ಗೊತ್ತಾದದ್ದು. ಮನೆಯಲ್ಲಿ ಎಲ್ಲರೂ ಊದಿಕೊಂಡಿದ್ದೆವು, ಅವಳೊಬ್ಬಳು ಮಾತ್ರ ಸಪೂರ. ಸೊಂಟ ಅಂದರೆ ಸೊಂಟ! ಹಿಂದಿನ ಬೇಸಿಗೆಯಲ್ಲಿ ಕೊರಳ ಹಗ್ಗದಿಂದ ಹಾಗೇ ನುಸುಳಿ ದನ ಮೇಯುವ ಎಮ್ಮೆದೊಡ್ಡಿ ಕಾವಲಿಗೆ ಓಡಿಹೋಗಿದ್ದಳು. ಅಲ್ಲಿಯ ಸಪೂರ ಮೈಯ ಅಮೃತಮಹಲ್ ಹೋರಿಗಳು ತಮ್ಮ ಜಾತಿಯವಳೇ ಎಂದುಕೊಂಡು ವಾರ ಇಟ್ಟುಕೊಂಡು ಕಳಿಸಿದ್ದವು.

ಅವತ್ತಿನಿಂದ ಜರಡಿ ಗೋಡೆಯ ಗೂಟಕ್ಕೇರಿತು. ಹೊಟ್ಟು ಸಿಗದ ಕೆಂಪಿ ಮಾರನೇ ದಿನ ಹಾಲು ಕರೆಯಲು ಕೂತ ನನಗೆ ಒಂದು ಒದೆ ಕೊಟ್ಟಳು. ಹಲ್ಲಿನ ಕತೆ ಇಷ್ಟೇ. ಆಣೆಗೂ ಅದಕ್ಕೂ ಸಂಬಂಧವಿಲ್ಲ.

ಮೇಡಂ ಹೇಳಿದ್ದು ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ಮಾಡಿ, ನೀರು ಚೆನ್ನಾಗಿ ಕುಡಿಯಿರಿ ಎಂದು. ಪಾಪಮ್ಮನಿಗೆ ಅವಸರ. ಮೊದಲ ದಿನವೇ ಹೊಟ್ಟಿನ ಮುದ್ದೆ, ಮೊಳಕೆ ಹುರುಳಿ ಸಾರು, ಬುಟ್ಟಿ ದಂಟಿನ ಸೊಪ್ಪು, ಮೇಲೆ ಸೀಬೆಹಣ್ಣು, ಎಲ್ಲ ಒಟ್ಟಿಗೆ ಇಳಿಸಿ ನೀರು ಕುಡಿಯುವುದನ್ನು ಮರೆತಳು. ಸಂಜೆ ಹೊತ್ತಿಗೆ ಹೊಟ್ಟೆ ತಮಟೆ. ಗಾಳಿ ತುಂಬಿ ಅವಳು ನೆಲದಿಂದ ಗೇಣು ಮೇಲೆ ತೇಲುತ್ತಿದ್ದಳು, ಸೆರಗು ಹಿಡಿದು ಎಳೆದು ಮಂಚಕ್ಕೆ ಕಟ್ಟಿಹಾಕಿದೆವು.

"ನಗಬೇಡ ಭಾವ," ಎಂದಳು ಮೇಲಿನಿಂದಲೇ. "ಬಿಟ್ರೆ ಬೀರೂರಿಗ್ ಹೊಂಟೋಯ್ತೀನಿ."

ಆಮೇಲೆ ಬುದ್ಧಿ ಬಂತು. ನಿಧಾನಕ್ಕೆ ಹೋದರು. ವಾರದಲ್ಲಿ ಎರಡು ದಿನ ಅನ್ನದ ಬದಲು ಸಾಮೆ, ಆಮೇಲೆ ನಾಲ್ಕು ದಿನ. ಸಾರಿನಲ್ಲಿ ನೀರು ಕಡಿಮೆ, ಕಾಳು ಜಾಸ್ತಿ. ಸಂಜೆ ಎಂಟೂ ಜನ ಕೆರೆ ಏರಿಯ ಮೇಲೆ ನಡೆಯುವುದು. ಬಸ್ ಸ್ಟಾಂಡಿಗೆ ಹೋಗುವವರ ಜೊತೆಗೆ ಇನ್ನೊಬ್ಬರು ಹೋಗಬೇಕು, ಬೋಂಡಾ ವಾಸನೆಗೆ ಒಬ್ಬರ ಕಾಲು ತಿರುಗಿದರೆ ಇನ್ನೊಬ್ಬರು ಕೈ ಹಿಡಿದು ಎಳೆಯಬೇಕು. ಪಾಪಮ್ಮನ ಜೊತೆಗೆ ಮಾತ್ರ ಇಬ್ಬರು, ಅವಳ ಅಂಗಡಿಯೇ ಅಲ್ಲಿತ್ತಲ್ಲ.

ಪ್ರಜ್ಞಾ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದಳು. ಊಟಕ್ಕೆ ಮುಂಚೆ ತಟ್ಟೆಯ ಫೋಟೋ ಹಾಕಬೇಕು. ಒಂದು ಮಧ್ಯಾಹ್ನ ಪಾಪಮ್ಮ ಮುದ್ದೆ-ಸೊಪ್ಪಿನ ತಟ್ಟೆ ಕಳಿಸಿದಳು. ತಟ್ಟೆ ಬಂಗಾರದಂಥದ್ದು. ಆದರೆ ಪಕ್ಕದಲ್ಲಿದ್ದ ಸ್ಟೀಲ್ ಚೊಂಬಿನ ಹೊಟ್ಟೆಯಲ್ಲಿ ತಟ್ಟೆಯಿಂದ ದೂರ ಅಡಗಿಸಿಟ್ಟಿದ್ದ ಬೋಂಡಾಗಳ ಬಿಂಬ ಹೊಳೆಯುತ್ತಿತ್ತು. ಏಳೂ ಜನ ಚಪ್ಪಲಿ ಕೂಡ ಮೆಟ್ಟದೆ ಅವಳ ಮನೆಗೆ ನುಗ್ಗಿದರು.

"ನೆಂಟ್ರು ಬತ್ತಾರೆ ಅಂತ ಇಟ್ಟಿದ್ದೆ ಕಣ್ರೇ!"

"ನಾವೇ ನೆಂಟ್ರು," ಎಂದು ಹುಲಿಯಮ್ಮ ಪಕ್ಕದಲ್ಲಿ ಕೂತು, ಆ ತಟ್ಟೆಯಿಂದಲೇ ಮುದ್ದೆ ಮುರಿದು ಅವಳ ಬಾಯಿಗೆ ಇಟ್ಟಳು. "ನಂಗೋಸ್ಕರ ಶುರು ಮಾಡ್ದೋಳು ನೀನು. ನೀನ್ ಬಿಟ್ರೆ ನಾನ್ ಯಾರ್ ಮಖ ನೋಡ್ಕಂಡ್ ತಿನ್ಲಿ ಈ ಹೊಟ್ಟ?"

ಪಾಪಮ್ಮ ಕಣ್ಣೀರು ಹಾಕಿಕೊಂಡೇ ನುಂಗಿದಳು. ಬೋಂಡಾ ನನ್ನ ಪಾಲಿಗೆ ಬಂತು.

ತೂಕ ನೋಡಿಸಲು ಹದಿನೈದು ದಿನಕ್ಕೊಮ್ಮೆ ನಾನೇ ಅವರನ್ನು ಆಟೋದಲ್ಲಿ ತುಂಬಿಕೊಂಡು ಅಜ್ಜಂಪುರದ ಈರುಳ್ಳಿ ಮಂಡಿಗೆ ಹೋಗುತ್ತಿದ್ದೆ. ಅಲ್ಲಿ ತೂಕ ಹಾಕುವವನು ಕಲ್ಲೇಶಪ್ಪ, ನನ್ನ ಹಳೇ ದೋಸ್ತ್. ಅವನ ಹಳೇ ಕಾಲದ ತಕ್ಕಡಿ ಹಲಗೆ ಓದಲು ಅವನೊಬ್ಬನಿಗೇ ಬರುವುದು. ಒಬ್ಬೊಬ್ಬರನ್ನೇ ಹತ್ತಿಸಿ, ಕಡ್ಡಿ ಜರುಗಿಸಿ, ಮೂಟೆಗೆ ಕೂಗುವ ರಾಗದಲ್ಲೇ ಕೂಗುತ್ತಿದ್ದ. ವಾರ ಕಳೆದಂತೆ ಕೂಗು ಇಳಿಯುತ್ತಾ ಬಂತು. ಹುಲಿಯಮ್ಮನ ಮೊಣಕಾಲು ನೋವೂ ಇಳಿಯಿತು. ನನ್ನ ಆಟೋದ ಮುಂದಿನ ಚಕ್ರವೂ ಇಳಿಯಿತು. ದೀಪಾವಳಿ ಕಳೆದಮೇಲೆ ಕೊನೇ ತೂಕ. ಒಟ್ಟು ಐದು ಕ್ವಿಂಟಾಲಿಗೆ ಮೂರು ಕೆಜಿ ಕಡಿಮೆ! ಮಂಡಿಯ ಹಮಾಲರೆಲ್ಲ ಚಪ್ಪಾಳೆ ಹೊಡೆದರು.

ರಾಜ್ಯೋತ್ಸವದ ದಿನ ಕೋಳಿ ಕೂಗುವ ಮೊದಲೇ ಎಬ್ಬಿಸಿ, ಯಾರಿಗೂ ಕೆರೆ ಕಡೆಗೆ ಹೋಗುವಷ್ಟೂ ಪುರುಸೊತ್ತು ಕೊಡದೆ ಹೊರಡಿಸಿದೆ. ಫೋಟೋ ತೆಗೆಯಲು ಪ್ರಜ್ಞಾಳೂ ಹತ್ತಿದಳು. ಕಡೂರಿನಲ್ಲಿ ಹೊಳೆಯುವ ಅಂಕಿಯ ಹೊಸ ತೂಕದ ಯಂತ್ರ. ಎಂಟೂ ಜನ ಹತ್ತಿದರು. ಐದು ಕ್ವಿಂಟಾಲಿನ ಮೇಲೆ ಐದು ಕೆಜಿ.

ಅಲ್ಲೇ ನಿಂತು ಕಲ್ಲೇಶಪ್ಪನಿಗೆ ಫೋನ್ ಹಚ್ಚಿದೆ. "ಲೇ ಕಲ್ಲೇಶಿ, ನಿನ್ ತಕ್ಕಡಿಗೆ ಏನ್ ರೋಗ ಬಂದಿತ್ತೋ?"

"ಏನಪ್ಪಾ ಹಂಗಂತೀಯಾ! ಸರಿಯಾಗೇ ಹೇಳಿವ್ನಿ. ಚೀಲ ಕಳ್ದು ಹೇಳಿವ್ನಿ."

"ಯಾವ್ ಚೀಲನೋ?"

"ಮಂಡೀಲಿ ಚೀಲದ್ ತೂಕ ಬಿಡ್ದೆ ಯಾವನ್ ತೂಕ ಹೇಳ್ತಾನೆ? ಮೂಟೆಗ್ ಒಂದ್ ಕೆಜಿ. ಸೀರೆ ಉಟ್ಕಂಡಿದ್ರಲ್ಲ, ಅದುನ್ನ ಚೀಲದ್ ಲೆಕ್ಕ ಹಿಡ್ದೆ."

ಎಂಟು ಹೆಂಗಸರಿಗೆ ಎಂಟು ಕೆಜಿ. ಅವನು ಮಾಡಿದ್ದು ಮಂಡಿಯ ನ್ಯಾಯವೇ. ಫೋನ್ ಇಟ್ಟು ಟವೆಲ್ ಹಾಸಿದೆ.

ಬಳೆ ತೆಗೆದರು, ಕಾಲ್ಗಡಗ ತೆಗೆದರು, ಸೊಂಟದ ಬೀಗದಕೈ ಗೊಂಚಲು, ಎಲೆಯಡಿಕೆ ಚೀಲ, ಪಾಪಮ್ಮನ ಕುಪ್ಪಸದೊಳಗಿನ ಚಿಲ್ಲರೆ, ಎಲ್ಲ ನನ್ನ ಟವೆಲ್ಲಿಗೆ ಬಿತ್ತು. ಎರಡು ಕೆಜಿ ಇಳಿಯಿತು. ಇನ್ನೂ ಮೂರು. ತೂಕದ ಸಾಹೇಬರು ಗಡಿಯಾರ ನೋಡಿದರು. "ಅರ್ಧ ಗಂಟೆ ಟೈಮ್ ಐತೆ. ಬೇರೆಯೋರ್ ಯಾರನ್ನಾದ್ರೂ ಹಾಕ್ಕಳಿ."

ತರೀಕೆರೆಯವರು ಆಚೆ ಕಡೆ ಹಗ್ಗ ಹಿಡಿದು ನಗುತ್ತಿದ್ದರು. ಹುಲಿಯಮ್ಮ ಸೆರಗು ಬಿಗಿದು ಹಲಗೆಯಿಂದ ಕೆಳಗಿಳಿದಳು. "ಪ್ರಜ್ಞಾ, ಹೋಗವ್ವ, ನನ್ ಜಾಗಕ್ಕೆ ನಿಂತ್ಕ. ಇಷ್ಟ್ ದಿನ ಜೊತೇಲಿ ತಿಂದ್ರಲ್ಲ, ನಂಗೆ ಅಷ್ಟೇ ಸಾಕು."

ಪ್ರಜ್ಞಾ ಪಕ್ಕದ ಕಂಬ ಹಿಡಿದುಕೊಂಡಳು. ಅಷ್ಟರಲ್ಲಿ ಗುಡುಗಿದ ಹಾಗೆ ಒಂದು ಸದ್ದು. ಎಲ್ಲರೂ ಮೋಡ ನೋಡಿದರು. ಮೋಡವಲ್ಲ, ಪಾಪಮ್ಮನ ಹೊಟ್ಟೆ.

ಪಾಪಮ್ಮ ಹೊಟ್ಟೆ ಹಿಡಿದುಕೊಂಡಳು, ಮುಖ ಅರಳಿತು. "ಅಯ್ಯೋ ಹುಚ್ಚುಮುಂಡೇರಾ! ರಾತ್ರಿ ಹುರುಳಿ, ಸೊಪ್ಪು, ಹೊಟ್ಟಿನ್ ಮುದ್ದೆ! ಬೆಳಿಗ್ಗೆ ಈ ಭಾವ ಯಾರುನ್ನೂ ಹೋಗಕ್ಕೇ ಬಿಡ್ಲಿಲ್ವಲ್ಲ! ಮೇಡಂ ಏನಂದಿದ್ರು? ಹೊಟ್ಟೆ ಸಲೀಸಾಗಿ ಖಾಲಿಯಾಗುತ್ತೆ ಅಂತ ತಾನೆ? ನಡೀರೇ!"

ಮೈದಾನದ ಮೂಲೆಯ ಶೌಚಾಲಯಕ್ಕೆ ಎಂಟೂ ಜನ ಓಡಿದರು. ಬಾಗಿಲಲ್ಲಿ ಕೂತಿದ್ದವನು ಎದ್ದು ನಿಂತ. "ಏನಮ್ಮಾ, ಎಲ್ಲಾ ಒಂದೇ ಊರೋರಾ?"

"ಒಂದೇ ಸಂಘದೋರು!" ಎಂದಳು ಪಾಪಮ್ಮ ಒಳಗಿನಿಂದ.

ಒಬ್ಬೊಬ್ಬರೇ ಹೊರಗೆ ಬಂದರು, ಒಬ್ಬೊಬ್ಬರೂ ಹಗುರ. ಕೊನೆಯವಳು ಹುಲಿಯಮ್ಮ. ಹಲಗೆ ಹತ್ತಿದರು. ಅಂಕಿ ಅತ್ತಿತ್ತ ಓಡಿತು, ಐದು ಕ್ವಿಂಟಾಲಿಗೆ ಬಂದು ನಿಂತಿತು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆ ಇಲ್ಲ. ಸಾಹೇಬರು ಬಗ್ಗಿ ನೋಡಿ, ಕನ್ನಡಕ ಒರೆಸಿ ಮತ್ತೆ ನೋಡಿ, ಚೀಟಿ ಹರಿದುಕೊಟ್ಟರು.

ಹುಲಿಯಮ್ಮ ಹಗ್ಗವನ್ನು ಮೈಗೆ ಸುತ್ತಿಕೊಂಡಳು. ಮೊದಲಿನಷ್ಟು ಸುತ್ತಳತೆ ಇಲ್ಲ, ಹಗ್ಗ ಉದ್ದ ಮಿಕ್ಕಿತು. ಹಿಮ್ಮಡಿ ಊರಿದಳು. ಮೊಣಕಾಲು ಬಗ್ಗಿತು, ನೋಯಲಿಲ್ಲ. ಪೀಪಿ ಕೂಗಿತು.

ಎಂಥಾ ಎಳೆತ! ಎಂಟೂ ಜನ ಒಂದೇ ಉಸಿರು. ಏಳು ತಿಂಗಳು ಒಬ್ಬರ ತಟ್ಟೆಯನ್ನು ಒಬ್ಬರು ಕಾದವರಿಗೆ ಉಸಿರು ಕೂಡಿಸುವುದು ಯಾವ ದೊಡ್ಡ ಕೆಲಸ? ತರೀಕೆರೆಯವರು ಬಂದರು, ಅವರ ಹಿಂದೆ ಹಗ್ಗಕ್ಕೆ ಜೋತುಬಿದ್ದ ಅವರ ಮೇಷ್ಟ್ರು ಬಂದರು, ಅವರ ಹಿಂದೆ ತರೀಕೆರೆಯೇ ಎರಡು ಮಾರು ಕಡೂರಿನ ಕಡೆ ಜರುಗಿತು. ಅವತ್ತಿನಿಂದ ನನ್ನ ಆಟೋಗೆ ಅಲ್ಲಿಗೆ ಹೋಗಿಬರಲು ಡೀಸೆಲ್ ಕಡಿಮೆ ಸಾಕು. ನಂಬದಿದ್ದರೆ ಅಳೆದು ನೋಡಿ.

ಜನ ಎದ್ದು ನಿಂತು "ಹುಲಿಯಕ್ಕಾ! ಹುಲಿಯಕ್ಕಾ!" ಎಂದರು. ಅವಳು ಹಗ್ಗ ಬಿಚ್ಚದೆ ನಗುತ್ತಿದ್ದಳು. ಮನೆಗೆ ಬಂದಮೇಲೂ ನಗುತ್ತಿದ್ದಳು. ಬರುವಾಗ ಬಸ್ಸಿನಲ್ಲೇ ಬರುತ್ತೇನೆಂದು ಹಟ ಹಿಡಿದಳು. ಕಂಡಕ್ಟರ್ ಒಂದೇ ಟಿಕೆಟ್ ಹರಿದನಂತೆ. ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ.

ಸಂಘದವರ ಮನೆಗಳಲ್ಲಿ ಜರಡಿ ಈಗಲೂ ಗೂಟದಲ್ಲೇ ಇದೆ. ಕೆಂಪಿಯೊಬ್ಬಳದೇ ಚಿಂತೆ. ಹೊಟ್ಟು ಸಿಗದೆ ಹೊಟ್ಟೆ ಬಿಟ್ಟುಕೊಂಡು ನಿಂತಿದ್ದಾಳೆ, ಹಾಲೂ ಅರ್ಧಕ್ಕರ್ಧ. ನೀವು ಕತೆ ಕೇಳಲು ಕೂತಾಗಿನಿಂದ ನಾನು ಒಂದನ್ನು ನೋಡುತ್ತಿದ್ದೇನೆ. ನಿಮ್ಮ ಅಂಗಿಯ ನಡುವಿನ ಗುಂಡಿ ಬಹಳ ಕಷ್ಟ ಪಡುತ್ತಿದೆ. ಅಂದರೆ ನಿಮ್ಮ ಮನೆಯಲ್ಲಿ ಇನ್ನೂ ಜರಡಿ ಹಿಡಿಯುತ್ತಾರೆ. ಬಿಡಿಸಿ ಎಂದು ಹೇಳಲು ನಾನು ಯಾರು? ಬಿಡುವವರೆಗೆ ಆ ಹೊಟ್ಟನ್ನು ಒಂದು ಚೀಲಕ್ಕೆ ತುಂಬಿ ವಾರವಾರ ನಮ್ಮ ಕೆಂಪಿಗೆ ಕಳಿಸಿಕೊಡಿ. ತೂಕ ಕಲ್ಲೇಶಪ್ಪನ ಹತ್ತಿರ ಬೇಡ.