ಕರಿ ನೂಲಿನ ಗಂಟು

ಕಬ್ಬಿನ ಕಟಾವು ಶುರುವಾಗಿ ಮೂರು ವಾರವಾಗಿತ್ತು. ರಬಕವಿಯ ರಸ್ತೆಯಲ್ಲಿ ನಸುಕಿನಿಂದಲೇ ಟ್ರ್ಯಾಕ್ಟರುಗಳು ಕಬ್ಬು ಹೇರಿಕೊಂಡು ಹೋಗುತ್ತಿದ್ದವು. ಓಣಿಯಲ್ಲಿ ಮಗ್ಗಗಳು ಆಡತೊಡಗಿದ್ದವು. ಮುರಗೆಪ್ಪ ನಾಲ್ಕು ಸೀರೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿದ. ಹತ್ತು ಗಂಟೆಯೊಳಗೆ ಮುಧೋಳದ ಸಾಹುಕಾರರ ಅಂಗಡಿ ಮುಟ್ಟಬೇಕಿತ್ತು.

ಗುಂಡಿ ಒತ್ತಿದ. ಟಿಕ್ ಎಂದು ಸುಮ್ಮನಾಯಿತು. ಕಿಕ್ ಹೊಡೆದ. ಹೊಸ ನಮೂನೆಯ ಗಾಡಿ. ಬ್ಯಾಟರಿ ಪೂರ್ತಿ ಇಳಿದರೆ ಕಿಕ್ಕಿಗೂ ಏಳುವುದಿಲ್ಲ.

ಇದು ಎರಡನೆಯ ಬ್ಯಾಟರಿ. ಮೊದಲನೆಯದನ್ನು ಗಣಪತಿ ಹಬ್ಬದ ಮರುವಾರ ಬನಹಟ್ಟಿಯ ಚನಮಲ್ಲಪ್ಪನ ಅಂಗಡಿಯಲ್ಲಿ ಕೊಂಡಿದ್ದ. ಅಂದು ಹೆಂಡತಿ ಮಾದೇವಿಯೂ ಜೊತೆಗಿದ್ದಳು. ಚನಮಲ್ಲಪ್ಪ ಹಳೆಯದರ ಮೇಲಿನ ಆಂಪಿಯರ್ ಓದಿ, ಅಷ್ಟೇ ತೂಕದ್ದು, ಅಷ್ಟೇ ಅಗಲದ್ದು ತೆಗೆದು, ತಯಾರಾದ ತಿಂಗಳನ್ನು ಬೆರಳಿಟ್ಟು ತೋರಿಸಿದ್ದ. "ದೊಡ್ಡದ ಹಾಕ್ರಿ ಅಂತ ಕೇಳಬ್ಯಾಡ್ರಿ, ಕುಂಡ್ರಂಗಿಲ್ಲ. ಇದಕ್ಕ ನೀರು ಹಾಕೂದೂ ಇಲ್ಲ. ಗಾಡಿ ಓಡಿದ್ರ ತಾನ ತುಂಬತೈತಿ," ಎಂದಿದ್ದ.

ಒಂದೂವರೆ ತಿಂಗಳಿಗೆ ಅದು ಸತ್ತಿತು. ಚನಮಲ್ಲಪ್ಪ ತಕರಾರು ಮಾಡದೆ ಗ್ಯಾರಂಟಿ ಮೇಲೆ ಬೇರೆ ಕೊಟ್ಟ. ಮುರಗೆಪ್ಪ ಮಾತ್ರ ಅಂಗಡಿಯ ಎದುರಿನ ಗುರುಸಿದ್ದನ ಹೋಟೆಲಿನಲ್ಲಿ ಕೂತು, ಹತ್ತು ಮಂದಿಯ ನಡುವೆ, "ಹಳೇದಕ್ಕ ಹೊಸ ಕಾಗದ ಅಂಟಿಸಿ ಮಾರತಾನ, ಕಳ್ಳ," ಎಂದಿದ್ದ. ಅಂದಿನಿಂದ ಆ ಅಂಗಡಿಯ ಮೆಟ್ಟಿಲು ಹತ್ತುವವರು ಕಡಿಮೆಯಾಗಿದ್ದರು.

ಈಗ ಫೋನಿನಲ್ಲಿ ಬೈಯಬೇಕೆಂದೇ ಹಚ್ಚಿದ. ಚನಮಲ್ಲಪ್ಪ ಕೇಳಿಸಿಕೊಂಡು, "ಮುಟ್ಟಬ್ಯಾಡ್ರಿ. ನಾನ ಬರ್ತೇನಿ," ಎಂದ.

ಅರ್ಧ ಗಂಟೆಗೆ ಸ್ಕೂಟರಿನ ಮೇಲೆ ಬಂದ. ಕೈಯಲ್ಲಿ ಮೀಟರು, ಸ್ಕ್ರೂ ಡ್ರೈವರು. ಗಾಡಿ ಹಿತ್ತಲಲ್ಲಿ, ಹಿಂದಿನ ಕೋಣೆಯ ಕಿಟಕಿಯ ಕೆಳಗೆ ನಿಂತಿತ್ತು. ಒಳಗೆ ಮಾದೇವಿಯ ಮಗ್ಗ ಆಡುತ್ತಿತ್ತು.

"ನೋಡ್ರಿ, ಚಂದಾಗಿ ನೋಡ್ರಿ," ಎಂದ ಮುರಗೆಪ್ಪ. "ನಾಕ ಮಂದಿ ಮುಂದ ಬಿಚ್ಚಿದ್ರ ಇನ್ನೂ ಛಲೋ ಆಗ್ತಿತ್ತು."

ಚನಮಲ್ಲಪ್ಪ ಬದಿಯ ಮುಚ್ಚಳ ತೆಗೆದ. ಬಗ್ಗಿ ನೋಡಿದವನು ಬಗ್ಗಿಯೇ ಉಳಿದ.

"ಇದ್ಯಾರು ಕಟ್ಟ್ಯಾರ್ರಿ?"

ಬ್ಯಾಟರಿಯ ಎರಡೂ ತುದಿಗಳಿಂದ ಗೇಣುದ್ದದ ತೆಳು ವೈರುಗಳು ಹೊರಬಂದಿದ್ದವು. ಅವನ್ನು ಕರಿಯ ನೂಲಿನಿಂದ ಬಿಗಿಯಾಗಿ ಕಟ್ಟಲಾಗಿತ್ತು. ಮುರಗೆಪ್ಪನಿಗೆ ಗಾಡಿಯ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ, ಆದರೆ ಗಂಟು ತಿಳಿಯುತ್ತಿತ್ತು. ಮಗ್ಗದ ಹಾಸಿನ ಎಳೆ ಕಡಿದಾಗ ಹಾಕುವ ಗಂಟು. ತುದಿಯನ್ನು ಎರಡು ಸಲ ಒಳಗೆ ತೂರಿಸಿ ಎಳೆಯುವುದು ಈ ಮನೆಯಲ್ಲಿ ಒಬ್ಬಳೇ.

ಒಳಗೆ ಮಗ್ಗದ ಸದ್ದು ನಿಂತಿತ್ತು.

ಮಾದೇವಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಅವರಿಬ್ಬರ ಮುಖ ನೋಡಿ, ಕೇಳದಿದ್ದರೂ ಒಳಗೆ ಹೋಗಿ, ನೂಲು ಸುತ್ತುವ ಮರದ ಕಂಡಿಕೆಗೆ ಅಂದವಾಗಿ ಸುತ್ತಿದ ವೈರಿನ ಸುರುಳಿ ತಂದಳು. ತುದಿಯಲ್ಲಿ ಮೊಳದುದ್ದದ ದೀಪದ ಪಟ್ಟಿ ಜೋತಾಡುತ್ತಿತ್ತು.

"ಓಣಿ ಗಣಪತಿದ್ದು. ಮಂಟಪ ಬಿಚ್ಚಿದಾಗ ಒಗದಿದ್ರು," ಎಂದಳು. "ಸಂಜಿಕ ಕರೆಂಟ್ ಹ್ವಾದಾಗ ಇದನ್ನ ಕಿಟಕ್ಯಾಗಿಂದ ತಗೊಂಡು ಮಗ್ಗದ ಮ್ಯಾಲೆ ಕಟ್ಟಕೋತೇನಿ. ಕರೆಂಟ್ ಬಂದ ಕೂಡ್ಲೆ ಬಿಚ್ಚತೇನಿ."

"ದಿನಾ?" ಎಂದ ಚನಮಲ್ಲಪ್ಪ.

"ದಿನಾ. ಇವರು ಭಜನಿಗೆ ಹೋಗಿರ್ತಾರ." ಅವಳು ಚನಮಲ್ಲಪ್ಪನ ಕಡೆ ತಿರುಗಿದಳು. "ಗಾಡಿ ಓಡಿದ್ರ ತಾನ ತುಂಬತೈತಿ ಅಂತ ನೀವ ಅಂದಿದ್ರೆಲ್ಲಣ್ಣಾ. ಅಷ್ಟ ಬೆಳಕು ತಗೊಂಡ್ರ ಏನಾತು, ಇವರು ವಾರದಾಗ ಎರಡ ಸಲ ಮುಧೋಳಕ್ಕ ಹೋಗಿ ಬಂದ್ರ ಮತ್ತ ತುಂಬತೈತಿ ಅಂತ ತಿಳದೆ."

ಚನಮಲ್ಲಪ್ಪ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ. ತನ್ನ ಮಾತು ಎಲ್ಲಿ ಹೋಗಿ ಕುಳಿತಿತ್ತೆಂದು ಅವನು ಎಣಿಸಿರಲಿಲ್ಲ. "ಯವ್ವಾ, ವಾರದಾಗ ಎರಡ ದಿನ ತುಂಬಿ ಏಳೂ ದಿನ ತಗದ್ರ ಅದು ತಳಾ ಕಾಣತೈತಿ. ಹಂಗ ನಾಕ ಸಲ ತಳಾ ಕಂಡ್ರ ಮುಂದ ಹಿಡಿಯೂದ ಇಲ್ಲ," ಎಂದ ಮೆಲ್ಲಗೆ.

"ಎರಡೂ ನಾನ ಕೆಡಿಸಿದ್ನ್ಯಾ?" ಮಾದೇವಿಯ ಕೈಯಿಂದ ಕಂಡಿಕೆ ಜಾರಿತು.

ಮುರಗೆಪ್ಪ ಗಾಡಿಯ ಹಿಂದೆ ಕಟ್ಟಿದ ಸೀರೆಯ ಗಂಟನ್ನು ನೋಡುತ್ತಿದ್ದ. ಮೂರು ತಿಂಗಳಿಂದ ಮಾದೇವಿಯ ಸೀರೆ ಒಂದು ದಿನ ಮೊದಲೇ ಮುಗಿಯುತ್ತಿತ್ತು. ಮುಧೋಳದ ಸಾಹುಕಾರರು ಹೊಗಳಿದಾಗ, "ನಮ್ಮ ಮನ್ಯಾಗ ಕೈ ಚುರುಕ ಐತ್ರಿ," ಎಂದು ನಕ್ಕು ಬಂದಿದ್ದ. ಆ ಒಂದು ದಿನ ಎಲ್ಲಿಂದ ಬರುತ್ತಿತ್ತೆಂದು ಒಮ್ಮೆಯೂ ಕೇಳಿರಲಿಲ್ಲ.

"ನನಗ ಯಾಕ ಹೇಳಲಿಲ್ಲ ಬೇ?"

"ಬ್ಯಾಟರಿ ಯಾಕ ಸತ್ತಿತು ಅಂತ ನೀವು ಊರ ಮಂದೀನೆಲ್ಲ ಕೇಳಿದ್ರಿ. ನನ್ನ ಕೇಳಲಿಲ್ಲ."

ಅವನು ಅಂಗಿಯ ಕಿಸೆಗೆ ಕೈ ಹಾಕಿದ. "ಗ್ಯಾರಂಟಿ ಮ್ಯಾಲೆ ಕೊಟ್ಟದ್ದರ ರೊಕ್ಕ ಕೊಡತೇನ್ರಿ, ಚನಮಲ್ಲಪ್ಪಣ್ಣ."

"ರೊಕ್ಕ ಇರಲಿ. ಸತ್ತ ಬ್ಯಾಟರಿ ಹಳೇ ಸಾಮಾನ ಕೊಳ್ಳೊ ಮೋಡಕಾದಾಂವ ಒಯ್ತಾನ. ಗುರುಸಿದ್ದನ ಹೋಟೆಲ್‌ದಾಗ ನೀವು ಅಂದ ಮಾತನ್ನ ಯಾವ ಮೋಡಕಾದಾಂವನೂ ಒಯ್ಯಂಗಿಲ್ಲ." ಚನಮಲ್ಲಪ್ಪ ಎದ್ದು ಸ್ಕೂಟರಿನತ್ತ ನಡೆದ. "ಕುಂಡ್ರಿ ಬರ್ರಿ."

ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುರಗೆಪ್ಪ ಅವನ ಬೆನ್ನ ಹಿಂದೆ ಕುಳಿತ. ಸ್ಕೂಟರು ಬನಹಟ್ಟಿಯಲ್ಲಿ ಗುರುಸಿದ್ದನ ಹೋಟೆಲಿನ ಮುಂದೆ ನಿಂತಿತು.

ಹೋಟೆಲಿನಲ್ಲಿ ಜನ ತುಂಬಿದ್ದರು. ಗುರುಸಿದ್ದ ಚಹಾ ಸೋಸುತ್ತಲೇ ಕೇಳಿದ. "ಏನೋ ಮುರಗ್ಯಾ, ಕಳ್ಳನ ಗಾಡಿ ಏರಿ ಬಂದಿ?"

ಎಲ್ಲರೂ ನಕ್ಕರು. ಮುರಗೆಪ್ಪ ಬಾಗಿಲಲ್ಲೇ ನಿಂತ. ಎರಡು ಸಲ ಕೆಮ್ಮಿದ.

"ಬ್ಯಾಟರಿ ಖರೇನ ಹೊಸಾದಿತ್ತು. ಎರಡೂ. ಅದರ ಬೆಳಕಿನ್ಯಾಗ ದಿನಾ ಸಂಜಿಕ ನಮ್ಮ ಮಾದೇವಿ ಸೀರಿ ನೇಯಾಕತ್ತಿದ್ಲು. ನನಗ ಗೊತ್ತಿದ್ದಿಲ್ಲ. ಕಳ್ಳ ಅಂದದ್ದು ನಂದ ತಪ್ಪು."

ಗುರುಸಿದ್ದನ ಕೈಯಲ್ಲಿನ ಚಹಾ ಲೋಟ ತುಂಬಿ ಹರಿಯಿತು.

ಚನಮಲ್ಲಪ್ಪ ಹೊರಗೆ ನಿಂತು ಕೇಳಿಸಿಕೊಂಡ. ರಸ್ತೆ ದಾಟಿ ಅಂಗಡಿಯ ಬೀಗ ತೆಗೆದ. ಅದೇ ಆಂಪಿಯರಿನ ಬ್ಯಾಟರಿ ಇಳಿಸಿ, ಮೀಟರು ಹಿಡಿದು ತೋರಿಸಿದ. ಅದರ ಪಕ್ಕದಲ್ಲಿ ಕರೆಂಟಿಗೆ ಹಚ್ಚಿ ತುಂಬಿಸುವ ದೀಪವೊಂದನ್ನು ಇಟ್ಟ.

"ಇದು ತಂಗೆವ್ವನ ಮಗ್ಗಕ್ಕ. ಗಾಡೀದು ಗಾಡಿಗೆ ಇರಲಿ."

ಮುರಗೆಪ್ಪ ಗ್ಯಾರಂಟಿ ಮೇಲೆ ಬಂದದ್ದು, ಈಗಿನದು, ಎರಡೂ ಬ್ಯಾಟರಿಯ ರೊಕ್ಕ, ದೀಪದ ರೊಕ್ಕ ಎಣಿಸಿ ಮುಂದಿಟ್ಟ. ಚನಮಲ್ಲಪ್ಪ ಅದರಲ್ಲಿ ಒಂದು ಬ್ಯಾಟರಿಯದು ಮತ್ತು ದೀಪದ್ದು ತೆಗೆದುಕೊಂಡು, ಉಳಿದದ್ದನ್ನು ಸೀರೆಯ ಗಂಟಿನ ಮೇಲೆ ಇಟ್ಟ.

"ಒಂದರದ್ದು ಹೋಟೆಲ್‌ದಾಗ ಮುಟ್ಟೇತಿ," ಎಂದ.